ಹಣಮಂತಮ್ಮ ಬಿಡಿಸಿಕೊಂಡ ಎರಡಾಣೆ

ನಿಜಾಮರ ಆಳ್ವಿಕೆಯ ಕೊನೆಗಾಲದಲ್ಲಿ ಕೊಂಕಲ್ಲಿನ ಹಣಮಂತಮ್ಮ ಯಾದಗಿರಿಯ ಹತ್ತಿ ಗಿರಣಿಗೆ ಕೂಲಿಗೆ ಬಂದಳು. ಗಟ್ಟಿ ಹೆಂಗಸು, ನಡೆದರೆ ನೆಲ ಸಪ್ಪಳ ಮಾಡಬೇಕು. ಗಂಡ ದ್ಯಾವಪ್ಪ ಹತ್ತಿ ಹೇರುವಾಗ ಬಂಡಿಯಿಂದ ಬಿದ್ದು ಕೈ ಮುರಿದುಕೊಂಡದ್ದು ದೀಪಾವಳಿ ಹೊತ್ತಿಗೆ. ಎಲುಬು ಕಟ್ಟಿಸಲು ಗಿರಣಿ ಬಾಗಿಲ ಕಿರಾಣಿ ಅಂಗಡಿಯ ಚನ್ನಯ್ಯನ ಹತ್ತಿರ ಅವಳು ಎರಡು ರೂಪಾಯಿ ತಂದಳು. ಬಡ್ಡಿ, ವಾರಕ್ಕೆ ರೂಪಾಯಿಗೆ ಒಂದಾಣೆ.

ವಾರದ ಪಗಾರವೇ ಎರಡು ರೂಪಾಯಿ. ಶನಿವಾರ ಅದನ್ನು ಚನ್ನಯ್ಯನ ಕೈಗಿಟ್ಟರೆ ವಾರದ ಊಟಕ್ಕೆ ಏನೂ ಉಳಿಯದು. ಅಲ್ಲೇ ನಿಂತು ಮತ್ತೆ ಸಾಲ ಕೇಳಬೇಕು. ಅವನು ಎರಡಾಣೆ ಮುರಿದುಕೊಂಡು ಉಳಿದದ್ದು ಕೊಡುತ್ತಿದ್ದ. ಹೋಳಿ ಹುಣ್ಣಿಮೆ ಬರುವಷ್ಟರಲ್ಲಿ ಬಡ್ಡಿಯೇ ಅಸಲನ್ನು ದಾಟಿತ್ತು, ಸಾಲ ಇದ್ದಲ್ಲೇ ಇತ್ತು.

ಒಂದು ದಿನ ಹತ್ತಿ ಆರಿಸುತ್ತ ಅವಳು ಪಕ್ಕದ ಮನೆಯ ಅನ್ವರಬಿಗೆ ಹೇಳಿದಳು: "ಅಕ್ಕ, ನನ್ನ ರೊಕ್ಕಾನ ನನಗ ಸಾಲ ಕೊಡಾಕತ್ತಾನ ಅಂವ. ಒಂದು ವಾರ ಉಪಾಸ ಬಿದ್ರ ಬಿಡುಗಡಿ ಆಗ್ತೀನಿ."

"ಉಪಾಸ ಯಾಕ ಬೀಳ್ತಿ? ನಮ್ಮ ಮನ್ಯಾಗ ಜ್ವಾಳ ಐತಿ, ಕಡ ಒಯ್ಯಿ. ಸೇರಿಗೆ ಸೇರು ತಂದ್ಹಾಕು, ಸಾಕು."

ದ್ಯಾವಪ್ಪ ಅಂಜಿದ. "ಸಾವ್ಕಾರ್ನ ಕೂಡ ಕೆಡಿಸ್ಕೊಂಡ್ರ ನಾಳಿ ಯಾರು ಕೊಡ್ತಾರ?"

"ನಾಳಿ ಕೇಳೂದ ಬ್ಯಾಡಂತ ಇವತ್ತು ಬಿಡಾಕತ್ತೀನಿ," ಎಂದಳು.

ಶನಿವಾರ ಚನ್ನಯ್ಯ ರೂಢಿಯಂತೆ ಎರಡಾಣೆ ತೆಗೆದಿಟ್ಟು ಉಳಿದದ್ದನ್ನು ಮುಂದೆ ಸರಿಸಿದ. ಅವಳು ಕೈ ಚಾಚಲಿಲ್ಲ.

"ಬ್ಯಾಡ್ರಿ ಸಾವ್ಕಾರ್ರ. ಎರಡೂ ರೂಪಾಯಿ ನೀವ ಇಟ್ಕೊರಿ. ಸಾಲ ಚುಕ್ತಾ ಆತು."

"ಸೋಮವಾರ ಬರ್ತಿ ತಗೋ," ಚನ್ನಯ್ಯ ನಕ್ಕ.

"ಬರ್ತೀನ್ರಿ, ಬೆಲ್ಲ ಒಯ್ಯಾಕ. ರೊಕ್ಕ ಕೊಟ್ಟು!"

ಆ ವಾರ ರೊಟ್ಟಿ, ಪುಂಡಿಪಲ್ಲೆ ಬಿಟ್ಟರೆ ಒಲೆಯ ಮೇಲೆ ಬೇರೇನೂ ಏರಲಿಲ್ಲ. ದ್ಯಾವಪ್ಪ ಗೊಣಗಿದ, ಅವಳು ಇನ್ನೊಂದು ರೊಟ್ಟಿ ತಟ್ಟಿ ಹಾಕಿದಳು. ಮುಂದಿನ ಶನಿವಾರ ಪಗಾರ ಪೂರಾ ಸೆರಗಿನ ಗಂಟಿಗೆ ಬಂತು. ಸಂತೆಯಲ್ಲಿ ಜೋಳ ಕೊಂಡು, ಅನ್ವರಬಿಯಿಂದ ತಂದಷ್ಟನ್ನೂ ಸೇರು ತುಂಬಿ ತುಳುಕುವಂತೆ ಅಳೆದುಕೊಟ್ಟಳು.

ಗಿರಣಿಯ ಹೆಂಗಸರು ಇದನ್ನು ನೋಡಿದರು. ಯಂಕಮ್ಮ, ಲಾಲಮ್ಮ ಒಬ್ಬೊಬ್ಬರಾಗಿ ಬಂದು ಕೇಳಿದರು. ಹಣಮಂತಮ್ಮ ಎಲ್ಲರಿಂದ ಪಗಾರದ ದಿನ ಒಂದೊಂದು ಸೇರು ಜೋಳ ಕೂಡಿಸಿ ಅನ್ವರಬಿಯ ಮನೆಯ ಕಾಳಿನ ಗುಮ್ಮಿಯಲ್ಲಿ ತುಂಬಿದಳು. ಕಷ್ಟ ಬಂದವರು ಒಯ್ದು, ಒಯ್ದಷ್ಟೇ ತಂದು ಹಾಕುತ್ತಿದ್ದರು. ಮರುವರ್ಷ ಹತ್ತಿಯ ಹಂಗಾಮು ಶುರುವಾದಾಗ ಚನ್ನಯ್ಯ ತಾನಾಗಿಯೇ ಬಡ್ಡಿಯನ್ನು ಅರ್ಧಾಣೆಗೆ ಇಳಿಸಿದ. ಆದರೂ ಹಣಮಂತಮ್ಮ ಸಾಲಕ್ಕೆ ಅತ್ತ ಹೋಗಲಿಲ್ಲ, ವಾರವಾರ ಉಳಿದ ಎರಡಾಣೆ ಕೂಡಿಟ್ಟಳು. ಮುರಿದ ಕೈ ಕೂಡಿದ ಮೇಲೆ ದ್ಯಾವಪ್ಪ ಆ ದುಡ್ಡಿನಲ್ಲಿ ಸಂತೆಯಿಂದ ಒಂದು ಆಡು ಹಿಡಿದು ತಂದ. ಕೇಳಿದವರಿಗೆಲ್ಲ, "ನಮ್ಮಾಕಿ ದುಡ್ಡಿಂದು," ಎನ್ನುತ್ತ ಊರ ತುಂಬ ನಡೆಸಿಕೊಂಡು ಬಂದ.