ತೂಬಿನ ಹಲಗೆ ತೊಳೆದದ್ದು

ಸಂಬಂಧಪಟ್ಟವರ ಮುಂದೆ ಹೇಳಿದ್ದನ್ನು ಬಿಟ್ಟರೆ, ಈ ಸಂಗತಿಯನ್ನು ನಾನು ಈವರೆಗೆ ಮೂರು ಸಲ ಹೇಳಿದ್ದೇನೆ. ಮೂರು ಸಲವೂ ಚೆನ್ನಾಗಿಯೇ ಹೇಳಿದ್ದೇನೆ, ಕೇಳಿದವರು ತಲೆದೂಗುವ ಹಾಗೆ. ಅದೇ ನನ್ನ ಅನುಮಾನಕ್ಕೆ ಕಾರಣ. ನಡೆದದ್ದು ಅಷ್ಟು ಓರಣವಾಗಿ ನಡೆದಿರಲಿಲ್ಲ. ಹೇಳುವಾಗ ಒಂದು ಮಾತನ್ನು ಪ್ರತಿ ಸಲವೂ ಬಿಟ್ಟಿದ್ದೆ. ಅದನ್ನು ಇಲ್ಲಿ ಬಿಡುವುದಿಲ್ಲ.

ಮಳವಳ್ಳಿಯಲ್ಲಿ, ಹಿಂದೆ ಯಾರೋ ರೇಷ್ಮೆಗೂಡು ದಾಸ್ತಾನು ಮಾಡುತ್ತಿದ್ದ ಎರಡು ಕೋಣೆಗಳಲ್ಲಿ ನಾವು ಕೆಲವರು ಒಂದು ಚಿಕ್ಕ ಸಂಗ್ರಹಾಲಯ ಮಾಡಿಕೊಂಡಿದ್ದೇವೆ. ನಾವು ಎಂದರೆ ಮುಖ್ಯವಾಗಿ ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಬೀಗದ ಕೈ ಅವರ ಹತ್ತಿರ. ನಾನು ವಾರಕ್ಕೆರಡು ದಿನ ಮಂಡ್ಯದಿಂದ ಬಸ್ಸಿನಲ್ಲಿ ಹೋಗಿ ಚೀಟಿ ಬರೆಯುತ್ತೇನೆ, ಪ್ರತಿ ವಸ್ತುವಿನ ಕೆಳಗೆ ಅಂಟಿಸುವ ಚೀಟಿ. ಆಲೆಮನೆಯ ಬೆಲ್ಲದಚ್ಚು. ನೂಲು ತೆಗೆಯುವ ರಾಟೆ. ಗೆದ್ದಲು ಅರ್ಧ ತಿಂದ ಜನನ ಮರಣದ ಪುಸ್ತಕ. ಶಿವನಸಮುದ್ರದ ಕಡೆಯ ಒಂದು ಮನೆಯಿಂದ ಬಂದ, ಕರೆಂಟು ಕಂಬದ ಪಿಂಗಾಣಿ ಬಟ್ಟಲು. ಆ ಮನೆಯವರು ಅದನ್ನು ತಲೆಕೆಳಗು ಮಾಡಿ ಉಪ್ಪಿಡುತ್ತಿದ್ದರಂತೆ. ಚೀಟಿಯಲ್ಲಿ ಹೀಗೆ 'ಅಂತೆ' ಎಂದು ಬರೆಯಕೂಡದು, ಬಂದವರಿಗೆ ನಂಬಿಕೆ ಬರುವುದಿಲ್ಲ ಎನ್ನುವುದು ಮೇಷ್ಟ್ರ ವಾದ. ನಾನು ಗೊಣಗುತ್ತೇನೆ, ಆಮೇಲೆ ಅವರು ಹೇಳಿದ ಹಾಗೇ ಬರೆಯುತ್ತೇನೆ.

ಹಲಗೆ ಬಂದದ್ದು ಭಾರತೀನಗರದ ಇಬ್ಬರು ಅಕ್ಕತಂಗಿಯರಿಂದ. ಅವರ ಅಪ್ಪ, ನಮ್ಮ ಅಜ್ಜನ ಊರಿನ ನೀರುಗಂಟಿಯಾಗಿದ್ದರು. ಕೆರೆಯ ತೂಬು ತೆಗೆದು ಸರದಿಯ ಪ್ರಕಾರ ಒಬ್ಬೊಬ್ಬರ ಗದ್ದೆಗೆ ನೀರು ಬಿಡುವ ಕೆಲಸ. ಅವರಿಗೆ ಊರಿನ ಯಾರ ಜಗುಲಿಯನ್ನೂ ಹತ್ತುವ ಹಾಗಿರಲಿಲ್ಲ. ಬೀದಿಯಲ್ಲಿ ನಿಂತು ಕೂಗಿ ಕೂಗಿ ಸಾಕಾಗಿರಬೇಕು. ಒಂದು ಹಲಗೆ ಮಾಡಿ ತೂಬಿನ ಪಕ್ಕದ ಹೊಂಗೆಮರಕ್ಕೆ ನೇತುಹಾಕಿದರು. ಹಲಗೆಯುದ್ದಕ್ಕೂ ಸಾಲಾಗಿ ಹದಿನೇಳು ತೂತು. ಒಂದೊಂದು ತೂತಿನ ಪಕ್ಕ ಒಂದೊಂದು ಮನೆಯ ಗುರುತು: ಕುಡುಗೋಲು, ಚೇಳು, ಮುಚ್ಚಿದ ಕಣ್ಣು. ಅವರಿಗೆ ಓದು ಬರಹ ಬರುತ್ತಿರಲಿಲ್ಲ, ಸುಣ್ಣಕ್ಕೆ ಬೇವಿನ ಅಂಟು ಕಲಸಿ ಕಡ್ಡಿಯಲ್ಲಿ ಬರೆದದ್ದು. ಯಾವ ತೂತಿನಲ್ಲಿ ಗೂಟ ಇರುತ್ತದೋ ಅವತ್ತಿನ ನೀರು ಆ ಮನೆಗೆ. ಊರೇ ಬಂದು ಹಲಗೆ ನೋಡಿಕೊಂಡು ಹೋಗಬೇಕಾಯಿತು.

ಆ ಮನುಷ್ಯನ ಒಂದು ಫೋಟೋ ಇಲ್ಲ. ರುಜು ಇಲ್ಲ. ಅವರ ಕೈಯಿಂದ ಉಳಿದದ್ದು ಆ ಹದಿನೇಳು ಗುರುತು ಮಾತ್ರ. ಅದಕ್ಕೇ ಅಕ್ಕ ಕೊಡುವುದಿಲ್ಲ ಎಂದು ಕೂತಿದ್ದರು. ತಂಗಿ, ಕಾಲೇಜು ಹಾಸ್ಟೆಲಿನಲ್ಲಿ ಅಡುಗೆ ಮಾಡಿ ಈಗ ಬಿಟ್ಟವರು, ನಾಲ್ಕು ಜನ ನೋಡಲಿ ಎಂದು ಅಕ್ಕನನ್ನು ಒಪ್ಪಿಸಿದರು. ಏನಾದರೂ ಆದರೆ ತಾನು ಹೊಣೆ ಎಂದು ನನ್ನ ಎದುರಿಗೇ ಹೇಳಿದರು. ಅಕ್ಕ ನನ್ನ ಕಡೆ ತಿರುಗಿ, "ಗೋಡೇಗ್ ತಗಲಾಕಿ, ಮುಟ್ಬ್ಯಾಡಿ," ಎಂದರು. ಅಷ್ಟೇ ಷರತ್ತು.

ಆಮೇಲೆ ಆಯುಧಪೂಜೆ ಬಂತು.

ಬೇರೆ ಕಡೆಯ ಸಂಗ್ರಹಾಲಯಗಳಲ್ಲಿ ಇಂಥದ್ದು ಆಗುವುದಿಲ್ಲವೇನೋ. ನಮ್ಮ ಕಡೆ ಆ ದಿನ ತೊಳೆಯದೆ ಬಿಟ್ಟ ಕಬ್ಬಿಣ ಇರುವುದಿಲ್ಲ. ಗುದ್ದಲಿ, ಮಚ್ಚು, ಸೈಕಲ್ಲು, ಟ್ರ್ಯಾಕ್ಟರು, ಗೆಜ್ಜಲಗೆರೆಯ ಕಾರ್ಖಾನೆಗಳ ಯಂತ್ರ, ಎಲ್ಲಕ್ಕೂ ನೀರು, ವಿಭೂತಿ, ಕುಂಕುಮ, ಹೂವು. ನಮ್ಮ ಕೋಣೆಗಳ ತುಂಬ ಇರುವುದು ಆಯುಧಗಳೇ. ಮೇಷ್ಟ್ರು ಹೂವು ತಂದಿದ್ದರು. ಹುಣಸೆಹಣ್ಣು ಹಾಕಿ ಹಿತ್ತಾಳೆ ಉಜ್ಜಿದರು. ನಾನು ಪ್ಯಾಂಟು ಮಡಿಸಿಕೊಂಡು ಅಂಗಳದಲ್ಲಿ ನಿಂತು ಒಂದೊಂದೇ ತೊಳೆದೆ. ಎಷ್ಟೋ ವರ್ಷದ ನಂತರ ಕೈ ತುಂಬ ಕೆಲಸ ಸಿಕ್ಕಿದ ಖುಷಿ ಇತ್ತು. ಈ ಖುಷಿಯನ್ನೂ ನಾನು ಹೇಳುವಾಗ ಬಿಡುತ್ತಿದ್ದೆ.

ಪಕ್ಕದ ಗ್ಯಾರೇಜಿನ ಸಾಬರು ತಮ್ಮ ಅಂಗಡಿಯ ಪೂಜೆಗೆ ಎಲ್ಲ ತೊಳೆದು ಮುಗಿಸಿ, ಗಾಡಿ ತೊಳೆಯುವ ಪೈಪನ್ನು ನಮಗೂ ಎಳೆದುಕೊಟ್ಟಿದ್ದರು. ಪೈಪು ಹಿಡಿದಿದ್ದವರು ಅವರೇ. ಹಲಗೆ ತಂದು ಗೋಡೆಗೆ ಒರಗಿಸಿದೆ. ಯಾಕೆ ತಂದೆ? ಅದು ಮರ, ಆಯುಧವಲ್ಲ. ಜೇಡ ಗೂಡು ಕಟ್ಟಿತ್ತು ಎಂದು ಒಮ್ಮೆ ಹೇಳಿದ್ದೇನೆ, ಒಂದನ್ನೇ ಬಿಡುವುದು ಅಪಚಾರ ಅನ್ನಿಸಿತು ಎಂದು ಇನ್ನೊಮ್ಮೆ. ಎರಡೂ ನಿಜವಿರಬಹುದು, ಎರಡೂ ಆಮೇಲೆ ಹೊಳೆದದ್ದಿರಬಹುದು. ಆದರೆ ಬಿಟ್ಟ ಮಾತು ಇದು. ಸಾಬರು ಪೈಪನ್ನು ಕೆಳಗಿಳಿಸಿ ಹಲಗೆಯನ್ನೇ ನೋಡಿ, "ಇದ್ರ ಮ್ಯಾಲೆ ಏನೋ ಬರ್ದವ್ರಲ್ಲ ಸಾ," ಎಂದರು.

ನಾನು, "ಅದು ಧೂಳು, ಬಿಡಿ ನೀರು," ಎಂದೆ.

ಆ ಹಲಗೆಗೆ ಚೀಟಿ ಬರೆದಿದ್ದವನು ನಾನು. 'ಸುಣ್ಣದ ಹದಿನೇಳು ಗುರುತುಗಳು' ಎಂದು ನನ್ನ ಕೈಯಲ್ಲೇ ಬರೆದಿದ್ದೆ. ಒಂದು ನೇಗಿಲಿನ ಗುರುತಿತ್ತು, ಅದು ನಮ್ಮ ಅಜ್ಜನ ಮನೆಯದೆಂದು ಹೆಮ್ಮೆಯಿಂದ ಅದನ್ನೂ ಸೇರಿಸಿದ್ದೆ. ಗೊತ್ತಿದ್ದವನ ಬಾಯಲ್ಲಿ ಧೂಳು ಎಂದು ಹೇಗೆ ಬಂತು? ಗೊತ್ತಿಲ್ಲ. ತೆಂಗಿನ ನಾರಿನಲ್ಲಿ ಎರಡು ಸಲ ಉಜ್ಜಿದೆ. ಬಿಸಿಲಿಗೆ ಇಟ್ಟೆ. ಒಣಗಿದ ಮೇಲೆ ಹಲಗೆ ಹೊಸದರ ಹಾಗೆ ಕಂಡಿತು, ಹದಿನೇಳು ತೂತು ಮಾತ್ರ.

ಮೇಷ್ಟ್ರು ಬೈಯಲಿಲ್ಲ. ಫೋಟೋ ಇದೆಯಾ ಎಂದು ಕೇಳಿದರು. ನನ್ನ ಫೋನಿನಲ್ಲಿ ಒಂದಿತ್ತು. ಚೀಟಿ ಸ್ಪಷ್ಟವಾಗಿ ಬರಲಿ ಎಂದು ತೆಗೆದದ್ದು, ಚೀಟಿಯ ಮೇಲ್ಗಡೆ ನಾಲ್ಕೈದು ಗುರುತು ಮಸುಕಾಗಿ ಬಿದ್ದಿದ್ದವು. ಮೇಷ್ಟ್ರಿಗೆ ಅಷ್ಟು ಸಾಕು. ಮಿಕ್ಕದ್ದು ನೀವು ನೆನಪು ಮಾಡಿಕೊಂಡು ಹೇಳಿ, ನಾನು ಮತ್ತೆ ಬರೆದುಬಿಡುತ್ತೇನೆ, ಒಂದು ಗಂಟೆಯ ಕೆಲಸ ಎಂದರು.

"ನೋಡ್ದೋರ್ಗೆ ಗೊತ್ತಾಗಕ್ಕಿಲ್ಲ ಬುಡಿ," ಎಂದರು, ಸಮಾಧಾನ ಮಾಡುವ ಧ್ವನಿಯಲ್ಲಿ.

ನಾನು ಬೇಡ ಎನ್ನಲಿಲ್ಲ. ಬರೆಯಿರಿ ಎಂದೆ. ಸುಣ್ಣ ಕಲಸಿದೆವು. ಮೊದಲು ನೇಗಿಲು ಬರೆದರು. ಎಂಥ ನೇಗಿಲು! ಮೇಳಿ, ಈಸು, ಗುಳ, ಎಲ್ಲ ಒಂದೇ ಎಳೆತದಲ್ಲಿ. ಮೊದಲಿನದಕ್ಕಿಂತ ಚೆನ್ನಾಗಿತ್ತು. ಇನ್ನೊಂದು ವಾರ ಹೋದರೆ ಮೊದಲಿನದೂ ಹೀಗೇ ಇತ್ತು ಎಂದು ನಾನೇ ಪ್ರಮಾಣ ಮಾಡುತ್ತಿದ್ದೆ. ಅದು ಖಂಡಿತ ಗೊತ್ತಾಯಿತು, ಗಾಬರಿಯಾಯಿತು. ಹಸಿ ಇರುವಾಗಲೇ ಹೆಬ್ಬೆರಳಲ್ಲಿ ಒರೆಸಿದೆ. ಮೇಷ್ಟ್ರಿಗೆ ಬೇಜಾರಾಯಿತು. ಸತ್ಯಕ್ಕಾಗಿ ಒರೆಸಿದೆ ಎಂದು ಹೇಳಿಕೊಳ್ಳಲಾರೆ, ಹೆದರಿ ಒರೆಸಿದೆ.

ಅವತ್ತೇ ಸಂಜೆ ತಂಗಿಯ ಫೋನು. ಬರುವ ಭಾನುವಾರ ಅಕ್ಕನನ್ನು ಆಟೋದಲ್ಲಿ ಕರೆದುಕೊಂಡು ಬರುತ್ತೇನೆ, ಮಂಡಿನೋವಿದ್ದರೂ ಅಪ್ಪನ ಹಲಗೆ ಗೋಡೆಯ ಮೇಲೆ ಹೇಗಿದೆ ಎಂದು ನೋಡಬೇಕಂತೆ, ಎಂದರು. ಆಗಲಿ ಎಂದೆ. ಫೋನಿನಲ್ಲಿ ಹೇಳಬಹುದಿತ್ತು. ಭಾನುವಾರದವರೆಗೆ ಸುಮ್ಮನಿದ್ದರೆ, ಅಕ್ಕ ಬಂದು ನೋಡಿದ ಆ ಗಳಿಗೆಯಲ್ಲಿ ಹೊಣೆ ಹೊತ್ತಿದ್ದ ತಂಗಿ ಉತ್ತರ ಕೊಡಬೇಕಾಗುತ್ತಿತ್ತು, ನನ್ನ ಪರವಾಗಿ.

ಶುಕ್ರವಾರ ಹಲಗೆಯನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿಕೊಂಡು ಮಳವಳ್ಳಿಯಲ್ಲಿ ಮದ್ದೂರಿನ ಬಸ್ಸು ಹತ್ತಿದೆ. ಯಾರ ಮನೆಯ ಬಾಗಿಲು ಕಿತ್ತುಕೊಂಡು ಬಂದಿರಿ ಎಂದು ಕಂಡಕ್ಟರು ಕೇಳಿದ. ಇಬ್ಬರು ಮುದುಕರು ನಕ್ಕರು. ಭಾರತೀನಗರ ಬಂತು, ಕಾಲೇಜು ಮಕ್ಕಳು ಇಳಿದರು, ಹತ್ತಿದರು, ನಾನು ಇಳಿಯಲಿಲ್ಲ. ಕಬ್ಬಿನ ಗಾಡಿಗಳ ಹಿಂದೆ ತೆವಳುತ್ತ ಬಸ್ಸು ಮದ್ದೂರಿಗೆ ಹೋಯಿತು. ಅಲ್ಲಿ ನಿಲ್ದಾಣದಲ್ಲಿ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತು, ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಬರೆದೆ. ಚೆನ್ನಾಗಿ ಬಂತು. ಜೇಡದ ಗೂಡು ಬಂತು, ಅಪಚಾರವಾದೀತೆಂಬ ಭಯ ಬಂತು, ಸಾಬರು ಬರಲಿಲ್ಲ. ವಾಪಸ್ಸು ಬಸ್ಸು ಹತ್ತಿ, ಭಾರತೀನಗರ ಎರಡನೆಯ ಸಲ ಬಂದಾಗ ಇಳಿದೆ. ಸಕ್ಕರೆ ಕಾರ್ಖಾನೆಯ ಹುಳಿವಾಸನೆ ಮೂಗಿಗೆ ಹೊಡೆಯಿತು.

ಅಕ್ಕ ಜಗುಲಿಯ ಮೇಲೆ ಕಾಲು ಚಾಚಿಕೊಂಡು ಎಲೆಯಡಿಕೆ ಹಾಕುತ್ತಿದ್ದರು. ತಂಗಿ ಒಳಗಿನಿಂದ ಬಂದು ದುಪ್ಪಟಿ ನೋಡಿದವರೇ ನಿಂತರು. ಬಿಚ್ಚಿ ಅವರಿಬ್ಬರ ನಡುವೆ ಇಟ್ಟೆ. ಮದ್ದೂರಿನಲ್ಲಿ ಬರೆದುಕೊಂಡ ಮೊದಲ ವಾಕ್ಯ ಶುರು ಮಾಡಿ, ಅರ್ಧಕ್ಕೆ ಬಿಟ್ಟೆ. ಮತ್ತೆ ಶುರು ಮಾಡಿದೆ. ಹಬ್ಬದ ದಿನ ನಾನು ತೊಳೆದೆ, ಒಬ್ಬರು ಏನೋ ಬರೆದಿದೆ ಎಂದು ಎಚ್ಚರಿಸಿದರು, ಧೂಳು ಎಂದು ಹೇಳಿ ತೊಳೆಸಿದೆ, ನಿಮ್ಮ ತಂಗಿಗೆ ಗೊತ್ತಿಲ್ಲ. ಇಷ್ಟೇ. ಕೆಟ್ಟದಾಗಿ ಹೇಳಿದೆ.

ಅಕ್ಕ ಹಲಗೆಯನ್ನು ಹತ್ತಿರ ಎಳೆದುಕೊಂಡರು. ತೂತುಗಳ ಪಕ್ಕ, ಏನೂ ಇಲ್ಲದ ಜಾಗದಲ್ಲಿ, ಬೆರಳಾಡಿಸಿದರು. ಆ ತುದಿಯಿಂದ ಈ ತುದಿಗೆ. ತುಂಬ ಹೊತ್ತು.

"ಧೂಳು ಅಂದ್ರಾ," ಎಂದರು.

"ಹೂಂ."

"ನಿಮ್ಮಜ್ಜನೂ ಅಂಗೇ. ಕಣ್ಮುಂದ್ ಇದ್ರೂ ಕಾಣ್ತಿರ್ಲಿಲ್ಲ ಅವ್ರಿಗೆ."

ತಂಗಿ ಸೆರಗಿನ ತುದಿಯನ್ನು ಬಾಯಿಗೆ ಹಿಡಿದು ನಿಂತಿದ್ದರು. ಅಕ್ಕ ಅವರನ್ನು ಬೈಯುತ್ತಾರೆಂದು ನಾನು ಕಾದೆ, ಅವರೂ ಕಾದರು. ಅಕ್ಕ ಬೈಯಲಿಲ್ಲ. ಕೂತ್ಕೊಳ್ಳೆ ಎಂದರು. ತಂಗಿ ಕೂತರು. ನನಗೆ ಯಾರೂ ಕೂರಲು ಹೇಳಲಿಲ್ಲ, ಮೆಟ್ಟಿಲ ಮೇಲೆ ನಾನೇ ಕೂತೆ.

ಮೊದಲನೆಯ ತೂತು ಯಾರದು ಎಂದು ಅಕ್ಕ ಕೇಳಿದರು, ನನ್ನನ್ನಲ್ಲ, ತಂಗಿಯನ್ನು. ಕುಡುಗೋಲು, ಪಟೇಲರ ಮನೆ ಎಂದರು ತಂಗಿ. ಎರಡನೆಯದು ಚೇಳು. ಆ ಮನೆಯ ಸೊಸೆಯ ಬಾಯಿಗೆ ಹೆದರಿ ಅಪ್ಪ ಚೇಳು ಬರೆದದ್ದಂತೆ. ಮೂರನೆಯದು ಮುಚ್ಚಿದ ಕಣ್ಣು, ಸರದಿ ಬಂದ ದಿನವೂ ಮಲಗಿರುತ್ತಿದ್ದವನದು. ನಾಲ್ಕನೆಯದರ ಹತ್ತಿರ ತಂಗಿ ನನ್ನ ಮುಖ ನೋಡಿ, "ನೇಗ್ಲು. ಇವ್ರ ಮನೇದು," ಎಂದರು.

"ನೇಗ್ಲಲ್ಲ ಕಣೆ," ಎಂದರು ಅಕ್ಕ. "ಗುದ್ಲಿ."

"ನೇಗ್ಲು ಕಣಕ್ಕ. ನಾನೇ ನೋಡಿವ್ನಿ."

"ನೀ ಆಗ ಅಂಬೆಗಾಲಿಕ್ತಿದ್ದೆ. ಇವ್ರಜ್ಜ ಸರದಿ ಇಲ್ದಿದ್ ದಿನ್ವೂ ಬದ ಕಡ್ದು ನೀರ್ ತಿರುಗಿಸ್ಕೊಳ್ಳೋರು. ಅದ್ಕೇ ಗುದ್ಲಿ. ಅಪ್ಪ ಬರ್ದು ನಕ್ಕಿದ್ದ."

"ಅವ್ರ ಮುಂದೆ ಅಂಗನ್ಬ್ಯಾಡ ಸುಮ್ನಿರು."

"ಧೂಳ್ ಅಂದೋರ್ ಅವ್ರು. ಕೇಳುಸ್ಕೊಳ್ಲಿ."

ಕೇಳಿಸಿಕೊಂಡೆ. ನಾನು ನೋಡಿದ್ದು ನೇಗಿಲು. ಚೀಟಿಯಲ್ಲಿ ಬರೆದದ್ದು ನೇಗಿಲು. ಮೇಷ್ಟ್ರು ಬರೆದ ನೇಗಿಲು ಕಣ್ಣ ಮುಂದೆ ಎದ್ದು ನಿಂತು, ಅದರ ಹಿಂದೆ ಮೊದಲಿನ ಗುರುತು ಹೇಗಿತ್ತು ಎಂದು ಎಷ್ಟು ತಡಕಿದರೂ ಸಿಗಲಿಲ್ಲ. ಒಂದು ಉದ್ದಗೆರೆ, ತುದಿಯಲ್ಲಿ ಬಾಗಿದ ಇನ್ನೊಂದು ಗೆರೆ. ಗುದ್ದಲಿಯೂ ಅದೇ ಅಲ್ಲವೇ.

ಅಕ್ಕ ಎಲೆಯಡಿಕೆ ತಟ್ಟೆಯ ಸುಣ್ಣದ ಡಬ್ಬಿಯಲ್ಲಿ ಬೆರಳದ್ದಿ ನಾಲ್ಕನೆಯ ತೂತಿನ ಪಕ್ಕ ಒಂದು ಗುದ್ದಲಿ ಎಳೆದರು. ಸುಣ್ಣ ಹರಡಿ ಅದು ಗುದ್ದಲಿಯೂ ಆಗಲಿಲ್ಲ. ತಂಗಿ ಸೆರಗಿನಿಂದ ಅದನ್ನು ಒರೆಸಿ, ತಾನು ಬೆರಳದ್ದಿ ನೇಗಿಲು ಬರೆದರು. ಅಕ್ಕ ಅಂಗೈಯಲ್ಲಿ ಉಜ್ಜಿಹಾಕಿದರು. ಬಾಗಿದ ಕಡ್ಡಿಯನ್ನೆಲ್ಲ ನೇಗಿಲು ಎನ್ನುವವಳು ಹಾಸ್ಟೆಲಿನಲ್ಲಿ ಸಾರು ಅಂತ ಏನು ಕುದಿಸಿ ಹಾಕಿದಳೋ ಎಂದು ಹಂಗಿಸಿದರು. ತಂಗಿಗೆ ನಗು ಬಂತು, ಸಿಟ್ಟೂ ಬಂತು. ಐದನೆಯದಕ್ಕೆ ಹೋದರು. ಅದರಲ್ಲಿ ಒಪ್ಪಿದರು. ಆರನೆಯದರಲ್ಲಿ ಮತ್ತೆ ಜಗಳ. ಹಲಗೆಯ ಮೇಲೆ ಬಿಳಿ ಮೂಡುತ್ತಿತ್ತು, ಅಳಿಯುತ್ತಿತ್ತು, ಮಬ್ಬು ಮೆತ್ತಿಕೊಳ್ಳುತ್ತಿತ್ತು.

ಜೇಬಿನಲ್ಲಿ ಫೋನಿತ್ತು, ಪೆನ್ನಿತ್ತು. ಇಬ್ಬರ ಮಾತನ್ನೂ ಬರೆದುಕೊಳ್ಳಬೇಕೆಂದು ಕೈ ಕಡಿಯುತ್ತಿತ್ತು. ಪೆನ್ನು ತೆಗೆದದ್ದನ್ನು ಅಕ್ಕ ನೋಡಿ, ಅದನ್ನು ಒಳಗಿಡು ಎಂದರು. ಹಲಗೆಯ ಒಂದು ತುದಿ ಜಗುಲಿಯ ಅಂಚಿನಿಂದ ಹೊರಗೆ ಜಾರುತ್ತಿತ್ತು. ಅದನ್ನು ಹಿಡಿದುಕೊ ಎಂದರು.

ಹಿಡಿದುಕೊಂಡೆ. ಅಲ್ಲಾಡಿಸಿದ್ದಕ್ಕೆ ಎರಡು ಸಲ ಬೈಸಿಕೊಂಡೆ. ಮಳವಳ್ಳಿಯ ಕಡೆಗೆ ಎಷ್ಟೋ ಬಸ್ಸು ಹೋದವು. ಹನ್ನೊಂದನೆಯ ತೂತಿನ ಹತ್ತಿರ ಇಬ್ಬರಿಗೂ ಸುಸ್ತಾಯಿತು. ತಂಗಿ ಕಾಫಿಗಿಡಲು ಎದ್ದರು.

ಭಾನುವಾರ ಬರುತ್ತೀರಾ ಎಂದು ಕೇಳುವ ಧೈರ್ಯವಾಗಲಿಲ್ಲ. ಹಲಗೆ ನಮ್ಮಲ್ಲಿಗೆ ವಾಪಸ್ಸು ಬರುತ್ತದಾ ಎಂದು ಮಾತ್ರ ಕೇಳಿದೆ.

ಅಕ್ಕ ಬೆರಳಿನ ಸುಣ್ಣವನ್ನು ಕಂಬಕ್ಕೆ ಒರೆಸಿದರು. "ಇನ್ನೂ ಆರ್ ಮನೆ ಅವೆ. ಇವ್ಳು ಒಂದ್ಕೂ ಸುಲಭಕ್ ಒಪ್ಪಕ್ಕಿಲ್ಲ," ಎಂದರು. ಆಮೇಲೆ, ನನ್ನ ಕಡೆ ನೋಡದೆ, "ಬರೋ ಸುಕ್ರವಾರ ಬಾ. ಇಡ್ಕೊಳ್ಳಕ್ ಒಬ್ರು ಬೇಕು."