ಮರಳುಗುಂಡಿಯಿಂದ ಮಗಳ ಪಾದಕ್ಕೆ

“ತಲೆ ಬಾಲಕ್ಕೆ ಮುಟ್ಟಿದ್ರೆ ಮುಗೀತು ಮಾರಾಯ್ತಿ!”

ನಮ್ಮ ಅತ್ತೆ ಹೀಗೆ ಹೇಳಿದ್ದು ಹಾವಿನ ಬಗ್ಗೆ ಅಲ್ಲ, ನನ್ನ ಮಗಳ ಪಾದದ ಬಗ್ಗೆ. ನಾಲ್ಕನೇ ಕ್ಲಾಸಿನ ಸಿಂಚನಾ ಕಾಲು ಕೆರೆದುಕೊಳ್ಳುತ್ತಾ ಸ್ಕೂಲಿನಿಂದ ಬಂದಿದ್ದಳು. ಪಾದದ ಪಕ್ಕದಲ್ಲಿ ಕೆಂಪಗೆ ಉಬ್ಬಿದ ಸೊಟ್ಟ ಗೆರೆ. ಅತ್ತೆ ಕನ್ನಡಕ ಏರಿಸಿ ನೋಡಿದವರೇ ಸರ್ಪಸುತ್ತು ಎಂದು ತೀರ್ಪು ಕೊಟ್ಟರು.

ನಾನು ಬಿ.ಎಸ್ಸಿ. ಓದಿದವಳು. ಸರ್ಪಸುತ್ತು ವೈರಸ್ಸಿನಿಂದ ಬರುವುದು, ಅದಕ್ಕೆ ತಲೆಯೂ ಇಲ್ಲ ಬಾಲವೂ ಇಲ್ಲ ಎಂದು ಗೊತ್ತು. ಆದರೆ ಮಾರನೇ ದಿನ ನೋಡುತ್ತೇನೆ, ಗೆರೆ ಉದ್ದವಾಗಿದೆ! ಅದರ ಮರುದಿನ ಇನ್ನೂ ಉದ್ದ, ಜೊತೆಗೊಂದು ತಿರುವು. ತಿರುಗಿದ್ದೂ ಬಾಲದ ಕಡೆಗೇ. ಇಂಥ ಹೊತ್ತಿನಲ್ಲಿ ವಿಜ್ಞಾನ ಎಲ್ಲಿರುತ್ತದೆ ಹೇಳಿ? ನಾನಂತೂ ಅತ್ತೆ ಕಲಸಿದ ಕೆಮ್ಮಣ್ಣಿನ ಬಟ್ಟಲು ಹಿಡಿದು ನಿಂತಿದ್ದೆ.

“ಅಮ್ಮಾ, ಅದು ಸುತ್ತು ಮುಗಿಸಿದ್ರೆ ನಾನು ಸತ್ತೋಗ್ತೀನಾ?” ಕೆಮ್ಮಣ್ಣು ಮೆತ್ತಿದ ಕಾಲು ಚಾಚಿಕೊಂಡು ಮಗಳು ಕೇಳಿದಳು.

ಬಟ್ಟಲು ಕೆಳಗಿಟ್ಟು ಗಂಡನನ್ನು ಕೂಗಿದೆ. ಕಾಫಿ ಕೊಯ್ಲಿನ ಗಡಿಬಿಡಿಯನ್ನು ಬದಿಗಿಟ್ಟು ಗಂಡ ಜೀಪು ತೆಗೆದರು. ವಸ್ತಾರೆಯಿಂದ ಸೀದಾ ಚಿಕ್ಕಮಗಳೂರಿಗೆ. (ಅತ್ತೆಯೂ ಬಂದರು, ಕೆಮ್ಮಣ್ಣಿನ ಡಬ್ಬಿ ಸಮೇತ.)

ಚರ್ಮದ ಡಾಕ್ಟರ್ ಕೆಮ್ಮಣ್ಣು ಒರೆಸಿ, ಗೆರೆ ನೋಡಿ, ನಕ್ಕುಬಿಟ್ಟರು.

“ಇದು ನಾಯಿಯ ಕೊಕ್ಕೆಹುಳದ ಮರಿ. ನಾಯಿ ಮಲದಲ್ಲಿ ಮೊಟ್ಟೆ ಇರುತ್ತೆ. ಒದ್ದೆ ಮಣ್ಣಲ್ಲಿ, ಮರಳಲ್ಲಿ ಮರಿಯಾಗಿ, ಬರಿಗಾಲು ಸಿಕ್ಕಿದ್ರೆ ಒಳಗೆ ನುಗ್ಗುತ್ತೆ. ಮನುಷ್ಯರ ಚರ್ಮದಿಂದ ಮುಂದೆ ಹೋಗೋಕೆ ದಾರಿ ಸಿಗದೆ ಅಲ್ಲೇ ಅಲೀತಾ ಇರುತ್ತೆ. ಮಾತ್ರೆ ಕೊಡ್ತೀನಿ, ವಾಸಿಯಾಗುತ್ತೆ.”

“ತಲೆ ಬಾಲ ಸೇರಿದ್ರೆ?” ಅತ್ತೆ ಬಿಡಲಿಲ್ಲ.

“ಸೇರ್ಲಿ ಬಿಡಿ ಅಮ್ಮ, ಏನೂ ಆಗಲ್ಲ.”

ಅತ್ತೆ ಕುರ್ಚಿಯಲ್ಲಿ ಕುಸಿದು ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೂ ಹೋದ ಜೀವ ಬಂದಂತಾಯಿತು. ಸಿಂಚನಾಳಿಗೆ ಮಾತ್ರ ಹೆಮ್ಮೆ. “ಹಂಗಾದ್ರೆ ನನ್ ಕಾಲೊಳಗೆ ಹುಳ ವಾಕಿಂಗ್ ಮಾಡ್ತಿದ್ಯಾ?”

“ಬರಿಗಾಲಲ್ಲಿ ಎಲ್ಲಿ ಆಡ್ತೀಯ ಪುಟ್ಟಿ?” ಡಾಕ್ಟರ್ ಕೇಳಿದರು.

ಸ್ಪೋರ್ಟ್ಸ್ ಡೇಗೆ ಲಾಂಗ್ ಜಂಪ್ ಪ್ರಾಕ್ಟೀಸ್. ಶೂ ಬಿಚ್ಚಿಟ್ಟು, ಊರ ಮೈದಾನದ ಮರಳುಗುಂಡಿಯಲ್ಲಿ.

“ಅಲ್ಲಿಗೆ ನಾಯಿ ಬರ್ತಾವಾ?”

“ನಮ್ ಟೈಗರ್ರೇ ಬರುತ್ತೆ! ದಿನಾ ಅಪ್ಪನೇ ಕರ್ಕೊಂಡು ಬರ್ತಾರೆ.”

ಗಂಡ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಕೊನೆಗೆ ಬಾಯಿಬಿಟ್ಟರು: “ಕಣದಲ್ಲಿ ಕಾಫಿ ಒಣಗ್ತಿದೆ ಡಾಕ್ಟ್ರೇ. ನಾಯಿ ಅಲ್ಲಿ ಗಲೀಜು ಮಾಡಿದ್ರೆ ತೊಳೆದ ಪಾರ್ಚ್‌ಮೆಂಟ್ ಬೀಜ ಯಾರು ತಗೋತಾರೆ? ಅದಕ್ಕೇ ಗೇಟಿನಾಚೆ...”

ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಸೀಸನ್ ಬಂತೆಂದರೆ ನಾವೆಲ್ಲ ಮಾಡುವುದೇ ಇದು. ಕಣವನ್ನು ದೇವರಮನೆಯಂತೆ ಗುಡಿಸಿ, ನಾಯಿಗೆ ಚೈನು ಹಾಕಿ, ಬೆಳಿಗ್ಗೆ ಮೈದಾನಕ್ಕೆ. ಹೋಗುವಾಗ ದಾರಿಯಲ್ಲಿ ಸಿಕ್ಕ ಬೀದಿನಾಯಿಗಳಿಗೆ ಬೈಗುಳ ಬೇರೆ!

ಡಾಕ್ಟರ್ ನಗು ನಿಲ್ಲಿಸಿದರು. ನಾಯಿಗೆ ಹುಳದ ಮಾತ್ರೆ ಹಾಕಿಸಿ, ಮಲವನ್ನು ಎತ್ತಿ ಎಂದರು. ಇನ್ನೊಂದು ಜಾತಿಯ ಹುಳದ ಮೊಟ್ಟೆ ಮಣ್ಣಿನ ಕೈಯಿಂದ ಬಾಯಿಗೆ ಹೋದರೆ ಲಿವರಿಗೆ ತೊಂದರೆಯಂತೆ, ಅಪರೂಪಕ್ಕೆ ಕಣ್ಣಿಗೂ ಅಂತೆ. ನಮ್ಮದು ಕಾಲಿನಲ್ಲೇ ಮುಗಿದದ್ದು ಪುಣ್ಯ.

ಗೆರೆ ಮಾಸಿತು. ಸಿಂಚನಾ ಚೆನ್ನಾಗಿ ನಿದ್ದೆ ಮಾಡುತ್ತಿದ್ದಾಳೆ. ಟೈಗರ್ ಬ್ರೆಡ್ಡಿನೊಳಗಿಟ್ಟ ಮಾತ್ರೆ ನುಂಗಿದೆ. ಮರಳುಗುಂಡಿಗೆ ಹೊಸ ಮರಳು ಬಿದ್ದು, ಮೇಲೆ ನಮ್ಮ ಹಳೇ ಟಾರ್ಪಾಲು ಬಂದಿದೆ. ಗಂಡ ವಾಕಿಂಗಿಗೆ ಕವರು, ಕರಣೆ ಹಿಡಿದೇ ಹೋಗುತ್ತಾರೆ.

ಮೊನ್ನೆ ಪಕ್ಕದ ತೋಟದವರು ತಮ್ಮ ಲ್ಯಾಬ್ರಡಾರ್ ಸಮೇತ ಎದುರಾದರು. ಕವರು ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕರಂತೆ. “ಏನ್ ಮಾರಾಯ, ನಾಯಿ ಹೇಲು ಮನೆಗೆ ತಗೊಂಡು ಹೋಗ್ತೀಯಾ?”

“ನಮ್ಮ ನಾಯಿದೇ ತಾನೇ,” ಎಂದರಂತೆ ನನ್ನ ಗಂಡ, “ಮತ್ಯಾರ ಮನೆ ಮಕ್ಕಳಿಗೆ ಬಿಟ್ಟು ಹೋಗ್ಲಿ ಹೇಳು?”