ಮೊದಲ ತುತ್ತು ಪಕ್ಕದ ಮನೆಯದು

ಕೊರೋನಾದ ಆ ದಿನಗಳಲ್ಲಿ ಹೊರಗೆ ಹೋಗುವುದೆಂದರೆ ಮನೆಯ ಹಿಂದಿನ ಮರದ ಜಗುಲಿಗೆ, ಅಂದರೆ ಡೆಕ್ಕಿಗೆ, ಹೋಗುವುದು, ಅಷ್ಟೇ. ಏಪೆಕ್ಸ್ ಊರಿನ, ಪಕ್ಕದ ಮನೆಗೆ ಗೋಡೆ ಅಂಟಿದ ನಮ್ಮ ಟೌನ್‌ಹೋಮಿನಲ್ಲಿ ಅಪ್ಪನ ಮೀಟಿಂಗು ಮಹಡಿಯ ಮೇಲೆ, ನನ್ನ ಆನ್‌ಲೈನ್ ಕ್ಲಾಸು ಊಟದ ಮೇಜಿನ ಮೇಲೆ. ನಮ್ಮಿಬ್ಬರಿಗೂ ತೊಂದರೆಯಾಗದಂತೆ ಮಿಕ್ಸಿ ತಿರುಗಿಸಲು ಅಮ್ಮ ಹೊತ್ತು ನೋಡುತ್ತಿದ್ದಳು. ನನಗೆ ಹನ್ನೆರಡು ವರ್ಷ. ಇಡೀ ಮನೆ ಮೈಮೇಲೆ ಬಿದ್ದಂತೆ ಅನಿಸುತ್ತಿತ್ತು.

ಗೋಡೆಯಾಚೆ ಮಿರಿಯಂ ಅಜ್ಜಿ. ಎಂಬತ್ತು ದಾಟಿದ ಯಹೂದಿ ಅಜ್ಜಿ, ಒಂಟಿ. ಮಗಳು ಡೆಬೊರಾ, ಮೊಮ್ಮಕ್ಕಳು ಎಲ್ಲ ಅಟ್ಲಾಂಟಾದಲ್ಲಿ. ಸಂಜೆ ನಾಲ್ಕಕ್ಕೆ ಅಜ್ಜಿ ಗೋಡೆ ಬಡಿದರೆ ನನಗೆ ಆಟಕ್ಕೆ ಕರೆ. ಅವರ ಡೆಕ್ಕಿನಲ್ಲಿ ಅವರು, ನಮ್ಮದರಲ್ಲಿ ನಾನು, ಕೈಯಲ್ಲಿ ಒಂದೊಂದು ಕಟ್ಟು ಇಸ್ಪೀಟು. ಒಂದೊಂದೇ ಎಲೆ ತೆಗೆದು ಕೂಗಬೇಕು, ದೊಡ್ಡದು ಬಂದವರು ಗೆದ್ದರು. ಅಷ್ಟು ದೂರದಿಂದ ಅವರ ಎಲೆ ನನಗೆ ಕಾಣುತ್ತಿರಲಿಲ್ಲ. ಅಜ್ಜಿಗೆ ದಿನಾ ರಾಜನೇ ಬರುತ್ತಿದ್ದ. ಹಾಡಹಗಲೇ ಮೋಸ! ಕೇಳಿದರೆ, "ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ಬರ್ತಾನೆ" ಅನ್ನುತ್ತಿದ್ದರು.

ನಾವು ಮೈಸೂರಿನಿಂದ ಬಂದ ವರ್ಷವೇ ಅವರ ಗಂಡ ತೀರಿಕೊಂಡಿದ್ದರು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ಅಮ್ಮ ಒಗ್ಗರಣೆಯಿಲ್ಲದ ತೊವ್ವೆ, ಅನ್ನ ಒಯ್ದಿದ್ದಳು. ಅಜ್ಜಿ ಬೆರಗಾದರು. ಅವರಲ್ಲೂ ಮಣ್ಣು ಮಾಡಿ ಬಂದವರ ಮೊದಲ ತುತ್ತು ನೆರೆಮನೆಯದೇ ಆಗಬೇಕಂತೆ, ಅದರಲ್ಲೂ ಬೇಳೆಯದಾದರೆ ಒಳ್ಳೆಯದಂತೆ. ಆದರೆ ಬೇರೆಯವರ ಪಾತ್ರೆಯಲ್ಲಿ ಬೆಂದದ್ದನ್ನು ಅವರು ತಿನ್ನುವಂತಿರಲಿಲ್ಲ. ಅದಕ್ಕೇ ತಮ್ಮದೇ ಒಂದು ನೀಲಿ ಪಾತ್ರೆಯನ್ನು ನಮ್ಮ ಅಡುಗೆಮನೆಯಲ್ಲಿ ತಂದಿಟ್ಟರು. ಅಮ್ಮನಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ. "ಅಂದ್ರೆ ಮಡಿ" ಅಂದಳು, ಮುಗಿಯಿತು.

ಒಂದು ಸಂಜೆ ಆಟದ ನಡುವೆ ಅಜ್ಜಿ ನನಗೆ ಹೇಳಿದರು: "ನಾನು ಹೋದಾಗ ಡೆಬೊರಾಗೆ ಮೊದಲ ಊಟ ನಿಮ್ಮ ಮನೆಯಿಂದಲೇ ಬರಬೇಕು. ಅಮ್ಮನನ್ನು ಕೇಳು."

ಒಳಗೆ ಹೋಗಿ ಕೇಳಿದೆ. "ಬಿಡ್ತು ಅನ್ನು! ಸಂಜೆ ಹೊತ್ತಲ್ಲಿ ಎಂಥ ಮಾತು!" ಎಂದು ಬೈದು, ಆಮೇಲೆ ಮೆಲ್ಲಗೆ, "ತರ್ತೀವಿ ಅಂತ ಹೇಳು ಹೋಗು" ಅಂದಳು. ನಾನು ಹೋಗಿ ಮಾತು ಕೊಟ್ಟೆ.

ಜನವರಿಯಲ್ಲಿ ಅಪ್ಪನಿಗೆ ಜ್ವರ ಬಂತು. ಟೆಸ್ಟ್ ಮಾಡಿಸಿದರೆ ಪಾಸಿಟಿವ್. ಅಪ್ಪ ಮೇಲಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡರು. ನಾವೂ ಹೊರಗೆ ಬರುವಂತಿರಲಿಲ್ಲ, ಇದ್ದ ಡೆಕ್ಕೂ ಹೋಯಿತು. ಅದೇ ವಾರ ಅಜ್ಜಿಯನ್ನು ಆಂಬುಲೆನ್ಸ್ ಕರೆದೊಯ್ದದ್ದನ್ನು ಕಿಟಕಿಯಿಂದ ನೋಡಿದೆವು. ಹೃದಯದ ತೊಂದರೆಯಂತೆ. ಎರಡು ದಿನಕ್ಕೆ ಡೆಬೊರಾ ಮೆಸೇಜ್ ಮಾಡಿದಳು: ಅಮ್ಮ ಹೋದಳು, ನಾಳೆ ಮಣ್ಣು ಮಾಡಿ ಅವಳ ಮನೆಯಲ್ಲೇ ಏಳು ದಿನ ಸೂತಕ ಕೂರುತ್ತೇನೆ.

ಮರುದಿನ ಬೆಳಿಗ್ಗೆ ಅಮ್ಮ ನೀಲಿ ಪಾತ್ರೆಯಲ್ಲಿ ತೊವ್ವೆಗಿಟ್ಟಳು. ಬೇಳೆ ಬೇಯುವ ಅರಿಶಿನದ ಘಮ ಮನೆ ತುಂಬಿತು. ಒಂದು ಗಂಟೆಗೆ ಕಾರು ಬಂತು. ಪಕ್ಕದ ಬಾಗಿಲು ತೆಗೆದ ಸದ್ದು, ಕುರ್ಚಿ ಎಳೆದ ಸದ್ದು. ಅಮ್ಮ ಎರಡೆರಡು ಮಾಸ್ಕ್ ಹಾಕಿ, ಪಾತ್ರೆ ಹಿಡಿದು ನಮ್ಮ ಬಾಗಿಲವರೆಗೆ ಹೋಗಿ ನಿಂತುಬಿಟ್ಟಳು.

"ಕೊಟ್ಟು ಬಾಮ್ಮಾ, ಪ್ರಾಮಿಸ್ ಮಾಡಿದೀನಿ."

"ಹೇಗ್ ಕೊಡ್ಲೇ? ಮನೇಲಿ ಕಾಯಿಲೆ ಇಟ್ಕೊಂಡು? ಅವಳಿಗೇನಾದ್ರೂ ಆದ್ರೆ?"

"ಹಂಗಾದ್ರೆ ಫೋನ್ ಮಾಡಿ ಹೇಳು, ಬರಕ್ಕಾಗಲ್ಲ ಅಂತ."

ಮೇಲಿನಿಂದ ಅಪ್ಪ ಕೆಮ್ಮುತ್ತಲೇ ಕೂಗಿದರು: "ಯಾರ್ಗೂ ಹೇಳ್ಬೇಡಿ! ನಾಳೆ ಇಡೀ ಕಮ್ಯುನಿಟಿಗೆ ಗೊತ್ತಾಗತ್ತೆ."

ಆಗ ಆ ಕಾಯಿಲೆ ಬಂದರೆ ಏನೋ ತಪ್ಪು ಮಾಡಿ ಸಿಕ್ಕಿಬಿದ್ದಂತೆ. ನನಗೆ ಇಬ್ಬರ ಮೇಲೂ ಕೆಟ್ಟ ಸಿಟ್ಟು ಬಂತು. ಗೋಡೆ ಬಡಿಯಲು ಕೈ ಎತ್ತಿದೆ. ಅಮ್ಮ ಕೈ ಹಿಡಿದುಕೊಂಡಳು. ಗೋಡೆಗೆ ಕಿವಿಯಿಟ್ಟು ಕೂತೆ. ಆಚೆ ಒಮ್ಮೆ ನಲ್ಲಿ ಹರಿಯಿತು, ಮತ್ತೆ ಸದ್ದಿಲ್ಲ. ಸಂಜೆಗೆ ತೊವ್ವೆ ಗಟ್ಟಿಯಾಯಿತು. ಅಮ್ಮ ಅದನ್ನು ಸಿಂಕಿಗೆ ಚೆಲ್ಲಿ ಪಾತ್ರೆ ತೊಳೆದಿಟ್ಟಳು.

ಅಪ್ಪ ಚೇತರಿಸಿಕೊಂಡರು. ಬೇಸಿಗೆಯಲ್ಲಿ ಮನೆ ಖಾಲಿ ಮಾಡಲು ಡೆಬೊರಾ ಬಂದಾಗ ನಾನೊಬ್ಬಳೇ ಡಬ್ಬ ಹೊರಲು ಹೋಗಿದ್ದೆ. ಪುಸ್ತಕ ಜೋಡಿಸುತ್ತಾ ಆಕೆ ಸುಮ್ಮನೆ ಹೇಳಿದಳು: "ಆಸ್ಪತ್ರೆಯಿಂದ ಅಮ್ಮ ಫೋನ್ ಮಾಡಿದ್ದಳು. ಮೊದಲ ಊಟ ಪಕ್ಕದ ಮನೆಯಿಂದ ಬರುತ್ತೆ, ನೀನು ಒಲೆ ಹಚ್ಚಬೇಡ ಅಂದಿದ್ದಳು. ಕತ್ತಲಾಗೋವರೆಗೂ ಕಾದೆ. ಆಮೇಲೆ ಕಪಾಟಿನಲ್ಲಿದ್ದ ಬಿಸ್ಕತ್ತು ತಿಂದೆ."

ನಾನು ಅಳುತ್ತಾ ಎಲ್ಲ ಹೇಳಿದೆ. "ಬಾಗಿಲ ಹೊರಗೆ ನಿಂತು ಇಷ್ಟು ಹೇಳಿದ್ದರೂ ನನಗೆ ಸಾಕಿತ್ತು" ಅಂದಳು.

ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ. ಕಾರು ಇಳಿಯುವಾಗ ಕೈ ಬೀಸುತ್ತಾರೆ, ಅವರ ಹೆಸರೂ ನಮಗೆ ಸರಿಯಾಗಿ ತಿಳಿಯದು. ನಮ್ಮ ಊಟವನ್ನು ನಂಬಿ ಕಾಯುವವರು ಗೋಡೆಯಾಚೆ ಯಾರೂ ಇಲ್ಲ. ನಾನು ಕಾಲೇಜಿನಿಂದ ಬಂದಾಗಲೆಲ್ಲ ಅಮ್ಮ ಅಜ್ಜಿಯ ಮಾತೆತ್ತುತ್ತಾಳೆ. "ಪುಣ್ಯಕ್ಕೆ ಡೆಬೊರಾಗೆ ಊಟದ ವಿಷಯ ಗೊತ್ತೇ ಇರ್ಲಿಲ್ಲ. ಗೊತ್ತಿದ್ದಿದ್ರೆ ಪಾಪ, ಎಷ್ಟು ಕಾಯ್ತಿದ್ಲೋ" ಅನ್ನುತ್ತಾಳೆ.

ನಾನು ಹೂಂ ಅನ್ನುತ್ತೇನೆ.